ದೇಹದ ಕೊಬ್ಬು: ಕೂಡಿಡುವ ಬಗೆ, ಕರಗಿಸುವ ಬಗೆ



ಬೊಜ್ಜು ಕರಗಿಸುವುದು ಹೇಗೆಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ಆದರೆ ಕೊಬ್ಬು ದೇಹದೊಳಗೆ ಏಕೆ ಇದೆ, ಹೇಗೆ ಸೇರುತ್ತದೆ, ಯಾರ ಅಪ್ಪಣೆಯ ಮೇಲೆ ಹೊರಬರುತ್ತದೆ, ಹೊರಬಂದು ಎಲ್ಲಿಗೆ ಹೋಗುತ್ತದೆ ಎಂಬ ಮೂಲಪ್ರಶ್ನೆಗಳನ್ನು ಕೇಳುವವರು ಕಡಿಮೆ. ಇವುಗಳ ಉತ್ತರಕ್ಕಾಗಿ ರಸಾಯನಶಾಸ್ತ್ರಜ್ಞರೂ ಶರೀರಕ್ರಿಯಾ ವಿಜ್ಞಾನಿಗಳೂ ಸುಮಾರು 200 ವರ್ಷ ದುಡಿದಿದ್ದಾರೆ. ಆ ದುಡಿಮೆಯಿಂದ ತಿಳಿದುಬಂದ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕೊಬ್ಬನ್ನು ಕೂಡಿಡುವ ಕೆಲಸ, ಕರಗಿಸುವ ಕೆಲಸ ಎರಡೂ ದೇಹದಲ್ಲಿ ಹಗಲಿರುಳೂ ಜೊತೆಜೊತೆಯಾಗಿ ನಡೆಯುತ್ತಿರುತ್ತವೆ. ಯಾವ ಹೊತ್ತಿನಲ್ಲಿ ಯಾವುದರ ಕೈ ಮೇಲಾಗಬೇಕು ಎಂಬುದನ್ನು ಮುಖ್ಯವಾಗಿ ಇನ್ಸುಲಿನ್ ಎಂಬ ಹಾರ್ಮೋನು ತೀರ್ಮಾನಿಸುತ್ತದೆ. ಈ ಒಂದು ತತ್ತ್ವ ಮನಸ್ಸಿಗೆ ಹತ್ತಿದರೆ ಉಪವಾಸ, ಮಧುಮೇಹ, ಬೊಜ್ಜು ಮೂರನ್ನೂ ಒಂದೇ ಎಳೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ರಾಸಾಯನಿಕ ರಚನೆಯ ವಿಚಾರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫ್ರಾನ್ಸಿನ ಮಿಷೆಲ್ ಷೆವ್ರಲ್ 1823ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಅಡಿಪಾಯ. ಪ್ರಾಣಿಗಳ ಕೊಬ್ಬಿನಿಂದ ಸಾಬೂನು ಮಾಡುವ ಕ್ರಿಯೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೊಬ್ಬು ಒಡೆದಾಗ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳು ಸಿಗುತ್ತವೆ ಎಂದು ಅವರು ತೋರಿಸಿದರು. ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡರೆ ಟ್ರೈಗ್ಲಿಸರೈಡ್. ನಮ್ಮ ಸೊಂಟದಲ್ಲಿರುವುದೂ ಅದೇ, ಬಾಣಲೆಯ ಕಡಲೆಕಾಯಿ ಎಣ್ಣೆಯೂ ಬಹುಪಾಲು ಅದೇ. ಕೊಬ್ಬಿನಾಮ್ಲವೆಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಈ ಸರಪಳಿಯಲ್ಲಿ ಆಮ್ಲಜನಕ ತೀರಾ ಕಡಿಮೆ, ಜಲಜನಕ ಹೇರಳ. ಉರಿಯಲು ಇನ್ನೂ ಬೇಕಾದಷ್ಟು ಬಾಕಿ ಇರುವ ಇಂಧನ ಅದು. ಹಾಗಾಗಿ ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಪಿಷ್ಟದಿಂದ ದೊರೆಯುವುದು ಸುಮಾರು 4.

ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಲೆಕ್ಕವಿದೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುತ್ತವೆ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಎಲ್ಲ ಸೇರಿಸಿದರೂ 2000 ಕಿಲೊಕ್ಯಾಲೊರಿ, ಅಂದರೆ ಒಂದು ದಿನದ ಖರ್ಚು. ಸಾಲದ್ದಕ್ಕೆ ಗ್ಲೈಕೊಜನ್ ತನ್ನ ತೂಕದ ಮೂರು ಪಟ್ಟಾದರೂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬು ನೀರನ್ನು ಹತ್ತಿರ ಸೇರಿಸುವುದಿಲ್ಲ. 70 ಕೆ.ಜಿ. ತೂಕದ ವ್ಯಕ್ತಿಯಲ್ಲಿ 12 ಕೆ.ಜಿ. ಕೊಬ್ಬು ಇದೆಯೆಂದು ಹಿಡಿಯೋಣ; ಅದು ಅತಿಯೇನಲ್ಲ. ಅದರಲ್ಲಿರುವ ಶಕ್ತಿ 1,08,000 ಕಿಲೊಕ್ಯಾಲೊರಿ. ಇಷ್ಟನ್ನೇ ಗ್ಲೈಕೊಜನ್ ಆಗಿ ಇಡಬೇಕಾದರೆ 27 ಕೆ.ಜಿ. ಗ್ಲೈಕೊಜನ್, ಅದರ ಜೊತೆಗೆ 81 ಕೆ.ಜಿ. ನೀರು ಬೇಕು. ಅದೇ ವ್ಯಕ್ತಿ 166 ಕೆ.ಜಿ. ತೂಗಬೇಕಾಗುತ್ತಿತ್ತು. ನಡೆದಾಡಬೇಕಾದ, ಓಡಬೇಕಾದ, ಗರ್ಭ ಹೊತ್ತು ಹೊಲದಲ್ಲಿ ದುಡಿಯಬೇಕಾದ ಜೀವಿಗೆ ಕೊಬ್ಬಲ್ಲದೆ ಬೇರೆ ದಾರಿಯೇ ಇರಲಿಲ್ಲ.

ಹಾರುವ ಜೀವಿಗಳಲ್ಲಿ ಈ ಸಂಗತಿ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಧ್ಯ ಏಷ್ಯಾದ ಎತ್ತರದ ನಾಡುಗಳಿಂದ ಹೊರಟು ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳವು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಮೈ ತುಂಬಿಕೊಂಡು ಬೇಸಿಗೆಯ ಹೊತ್ತಿಗೆ ಮತ್ತೆ ಉತ್ತರಕ್ಕೆ ಹೊರಡುತ್ತವೆ. ವಲಸೆ ಹಕ್ಕಿಗಳ ದೀರ್ಘ ಹಾರಾಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಒದಗುವುದು ಕೊಬ್ಬಿನಿಂದ. ಮೈಯ ಕೊಬ್ಬನ್ನು ಕೇವಲ ಕಾಯಿಲೆಯ ಮೂಲವೆಂದು ನೋಡುವ ನಮ್ಮ ಕಾಲದ ಕಣ್ಣಿಗೆ ಆ ಹೆಬ್ಬಾತುಗಳನ್ನು ಒಮ್ಮೆ ತೋರಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಉಂಡ ಕೊಬ್ಬು ಮೈಗೆ ಸೇರುವ ದಾರಿಯನ್ನು ಚುಟುಕಾಗಿ ನೋಡೋಣ. ಸಣ್ಣ ಕರುಳಿನಲ್ಲಿ ಪಿತ್ತರಸ ಎಣ್ಣೆಯನ್ನು ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವ ಟ್ರೈಗ್ಲಿಸರೈಡನ್ನು ಒಡೆಯುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಚೂರುಗಳನ್ನು ಒಳಕ್ಕೆಳೆದುಕೊಂಡು ಮತ್ತೆ ಜೋಡಿಸಿ, ಪ್ರೋಟೀನಿನ ಹೊದಿಕೆ ತೊಡಿಸಿ ದುಗ್ಧನಾಳಗಳಿಗೆ ಬಿಡುತ್ತವೆ. ಅಲ್ಲಿಂದ ಎದೆಯ ದೊಡ್ಡ ದುಗ್ಧನಾಳ ಹಾದು ಅವು ರಕ್ತಕ್ಕೆ ಸೇರುತ್ತವೆ. ಅನ್ನದ ಸಕ್ಕರೆ ನೇರವಾಗಿ ಯಕೃತ್ತಿಗೆ ಹೋದರೆ, ತುಪ್ಪದ ಕೊಬ್ಬು ಹೀಗೆ ಸುತ್ತುದಾರಿ ಹಿಡಿಯುತ್ತದೆ. ಕೊಬ್ಬಿನ ಊತಕದ ಲೋಮನಾಳಗಳ ಒಳಗೋಡೆಯಲ್ಲಿ ಇನ್ನೊಂದು ಕಿಣ್ವ ಕಾದಿರುತ್ತದೆ. ಊಟದ ನಂತರ ಏರಿದ ಇನ್ಸುಲಿನ್ ಅದನ್ನು ಚುರುಕುಗೊಳಿಸಿದಾಗ ಕೊಬ್ಬು ಮತ್ತೆ ಒಡೆದು ಕೋಶದೊಳಗೆ ಹೋಗಿ ಮತ್ತೆ ಟ್ರೈಗ್ಲಿಸರೈಡ್ ಆಗುತ್ತದೆ.

ಕೊಬ್ಬಿನ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರು ಅದನ್ನು ಮರೆಯಲಾರರು. ಕೋಶದ ತುಂಬ ಒಂದೇ ಒಂದು ದೊಡ್ಡ ಎಣ್ಣೆಹನಿ. ಕೋಶಕೇಂದ್ರ ಅಂಚಿಗೆ ಒತ್ತಿಹೋಗಿ ಚಪ್ಪಟೆಯಾಗಿರುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ದಪ್ಪವಾಗಬಲ್ಲ ಈ ಕೋಶಗಳು ಕೊಬ್ಬು ಸೇರಿದಾಗ ಉಬ್ಬುತ್ತವೆ, ಖಾಲಿಯಾದಾಗ ಕುಗ್ಗುತ್ತವೆ. ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ ವಯಸ್ಕರಲ್ಲಿ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ್ದ ಇಂಗಾಲ-14 ಕೋಶಗಳ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದು ಅವುಗಳ ವಯಸ್ಸನ್ನು ಕಂಡುಹಿಡಿದರು. ಮನುಕುಲದ ಒಂದು ಕೆಟ್ಟ ಕೆಲಸದ ಗುರುತು ಹೀಗೆ ಜ್ಞಾನಕ್ಕೆ ದಾರಿಯಾಯಿತು.

ಅಕ್ಕಿಯೇ ಕೊಬ್ಬಾಗುತ್ತದೆ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಇದು ಅರ್ಧ ಸತ್ಯ. ಸಕ್ಕರೆಯಿಂದ ಕೊಬ್ಬು ತಯಾರಿಸುವ ಯಂತ್ರಾಂಗ ಯಕೃತ್ತಿನಲ್ಲಿದೆ, ವಾರಗಟ್ಟಲೆ ಅತಿಯಾಗಿ ಉಂಡರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಾಮಾನ್ಯ ಊಟದಲ್ಲಿ ನಡೆಯುವುದು ಬೇರೆ. ಅನ್ನ ಉಂಡಾಗ ಇನ್ಸುಲಿನ್ ಏರುತ್ತದೆ, ಕೊಬ್ಬಿನ ಬಿಡುಗಡೆ ತಗ್ಗುತ್ತದೆ, ದೇಹ ಮೊದಲು ಅನ್ನದ ಸಕ್ಕರೆಯನ್ನು ಉರಿಸುತ್ತದೆ. ಅದೇ ಊಟದ ಒಗ್ಗರಣೆ, ಹಪ್ಪಳ, ತುಪ್ಪದಲ್ಲಿದ್ದ ಕೊಬ್ಬು ಉರಿಯದೆ ಉಳಿದು ಶೇಖರಣೆಗೆ ಹೋಗುತ್ತದೆ. ಯಾವುದೋ ಒಂದು ಪದಾರ್ಥವನ್ನು ಅಪರಾಧಿಯೆಂದು ಹೆಸರಿಸುವುದು ಸುಲಭ. ದೇಹ ಮಾತ್ರ ಇಡೀ ದಿನದ, ಇಡೀ ವಾರದ ಒಟ್ಟು ಲೆಕ್ಕವನ್ನು ಇಡುತ್ತದೆ.

ಈಗ ನನ್ನ ವಿಷಯದ ಮುಖ್ಯ ತಿರುವಿಗೆ ಬರುತ್ತೇನೆ. 1930ರ ದಶಕದವರೆಗೂ ದೇಹದ ಕೊಬ್ಬನ್ನು ವಿಜ್ಞಾನಿಗಳು ನಮ್ಮ ಉತ್ತರ ಕರ್ನಾಟಕದ ಧಾನ್ಯದ ಹಗೇವಿನಂತೆ ಭಾವಿಸಿದ್ದರು: ಸುಗ್ಗಿಯಲ್ಲಿ ತುಂಬಿ ಬಾಯಿ ಮುಚ್ಚುವುದು, ಬರಗಾಲ ಬಂದರೆ ತೆರೆಯುವುದು, ನಡುವೆ ಅದರ ತಂಟೆಗೆ ಹೋಗದಿರುವುದು. ಈ ನಂಬಿಕೆಯನ್ನು ಮುರಿದವರು ರುಡಾಲ್ಫ್ ಶೋನ್‌ಹೈಮರ್. ನಾಜಿ ಆಡಳಿತ ಬಂದ 1933ರಲ್ಲಿ ಜರ್ಮನಿ ತೊರೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಯಹೂದಿ ವಿಜ್ಞಾನಿ ಅವರು. ಅದೇ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ ಭಾರಜಲಜನಕವನ್ನು ಕಂಡುಹಿಡಿದು ಕೆಲವೇ ವರ್ಷವಾಗಿತ್ತು. ಯೂರಿಯವರ ಶಿಷ್ಯ ಡೇವಿಡ್ ರಿಟೆನ್‌ಬರ್ಗ್ ಜೊತೆಗೂಡಿ ಶೋನ್‌ಹೈಮರ್ ಅಗಸೆ ಎಣ್ಣೆಗೆ ಭಾರಜಲಜನಕವನ್ನು ಸೇರಿಸಿದರು. ಹೀಗೆ ಗುರುತು ಹಾಕಿದ ಕೊಬ್ಬನ್ನು ಇಲಿಗಳಿಗೆ ತಿನ್ನಿಸಿದರು. ತಿನಿಸು ಸಾಕಷ್ಟಿರಲಿಲ್ಲವಾಗಿ ಇಲಿಗಳ ತೂಕ ಇಳಿಯುತ್ತಿತ್ತು. ಹಳೆಯ ಸಿದ್ಧಾಂತದ ಪ್ರಕಾರ ಅಂಥ ಇಲಿ ತಿಂದದ್ದನ್ನು ತಿಂದಂತೆಯೇ ಉರಿಸಿಬಿಡಬೇಕು. ಪರೀಕ್ಷಿಸಿ ನೋಡಿದರೆ ಗುರುತಿನ ಕೊಬ್ಬಿನ ದೊಡ್ಡ ಪಾಲು ಇಲಿಯ ಮೈಯ ಶೇಖರಣೆಯಲ್ಲೇ ಸಿಕ್ಕಿತು. ಮೈಯ ಹಳೆಯ ಕೊಬ್ಬು ಹೊರಬಂದು ಉರಿಯುತ್ತಿತ್ತು, ಉಂಡ ಹೊಸ ಕೊಬ್ಬು ಅದರ ಜಾಗಕ್ಕೆ ಹೋಗುತ್ತಿತ್ತು.

ಇಲಿ ಸೊರಗುತ್ತಿರುವಾಗಲೂ ಕೂಡಿಡುವ ಕೆಲಸ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು. 1935ರಲ್ಲಿ ಪ್ರಕಟವಾದ ಈ ಫಲಿತಾಂಶ ಜೀವರಸಾಯನಶಾಸ್ತ್ರದ ದೃಷ್ಟಿಯನ್ನೇ ಬದಲಿಸಿತು. ಮುಂದೆ ಶೋನ್‌ಹೈಮರ್ ಪ್ರೋಟೀನುಗಳಲ್ಲೂ ಇದೇ ನಿರಂತರ ವಿನಿಮಯವನ್ನು ಕಂಡರು. ಅವರು ತೀರಿಕೊಂಡದ್ದು 1941ರಲ್ಲಿ. ದೇಹದ ಘಟಕಗಳ ಚಲನಶೀಲ ಸ್ಥಿತಿಯನ್ನು ಕುರಿತ ಅವರ ಉಪನ್ಯಾಸಗಳು ಮರುವರ್ಷ ಪುಸ್ತಕವಾಗಿ ಬಂದವು. ತನ್ನ ನೆಲದಿಂದ ಹೊರದೂಡಲ್ಪಟ್ಟ ಒಬ್ಬ ವಿಜ್ಞಾನಿಯಿಂದ ಮನುಕುಲಕ್ಕೆ ಇಷ್ಟು ದೊಡ್ಡ ಅರಿವು ದಕ್ಕಿತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಶೇಖರಿಸಿದ ಕೊಬ್ಬು ಕರಗುವ ಕ್ರಮವನ್ನು ನಮಗೆಲ್ಲ ಪರಿಚಿತವಾದ ಒಂದು ಉಪವಾಸದ ಮೂಲಕ ಹಿಂಬಾಲಿಸೋಣ. ಏಕಾದಶಿಯನ್ನು ಕಟ್ಟುನಿಟ್ಟಾಗಿ ಆಚರಿಸುವವರು ದಶಮಿಯಂದು ಒಪ್ಪತ್ತು ಉಂಡು, ಏಕಾದಶಿಯ ದಿನವಿಡೀ ನಿರಾಹಾರವಿದ್ದು, ದ್ವಾದಶಿಯ ಬೆಳಗ್ಗೆ ಪಾರಣೆ ಮಾಡುತ್ತಾರೆ. ದಶಮಿಯ ಮಧ್ಯಾಹ್ನದಿಂದ ಎಣಿಸಿದರೆ ಸುಮಾರು 40 ಗಂಟೆ. ಅವಲಕ್ಕಿ, ಗೋಧಿಯುಪ್ಪಿಟ್ಟು, ಹಣ್ಣುಹಂಪಲಿನ ಫಲಾಹಾರದ ಏಕಾದಶಿಗೆ ನಾನು ಹೇಳಲಿರುವ ಕ್ರಮ ಅನ್ವಯಿಸುವುದಿಲ್ಲ.

ದಶಮಿಯ ಊಟ ಜೀರ್ಣವಾಗುವ ನಾಲ್ಕಾರು ಗಂಟೆ ಸಕ್ಕರೆಯದೇ ಆಡಳಿತ. ಸಂಜೆಯ ಹೊತ್ತಿಗೆ ಇನ್ಸುಲಿನ್ ಇಳಿಯುತ್ತದೆ, ಗ್ಲುಕಗಾನ್ ಎಂಬ ಎದುರಾಳಿ ಹಾರ್ಮೋನು ತಲೆಯೆತ್ತುತ್ತದೆ, ಯಕೃತ್ತು ತನ್ನ ಗ್ಲೈಕೊಜನ್ನನ್ನು ಸಕ್ಕರೆಯಾಗಿಸಿ ರಕ್ತಕ್ಕೆ ಬಿಡುತ್ತದೆ. ಅದೇ ವೇಳೆಗೆ ಕೊಬ್ಬಿನ ಕೋಶಗಳ ಬಿಗಿ ಸಡಿಲವಾಗುತ್ತದೆ. ಎಣ್ಣೆಹನಿಯ ಸುತ್ತ ಕಾವಲಿರುವ ಪ್ರೋಟೀನಿನ ಪದರವಿದೆ. ಇನ್ಸುಲಿನ್ ತಗ್ಗಿ ಅಡ್ರಿನಲಿನ್‌ನಂಥ ಹಾರ್ಮೋನುಗಳ ಸಂದೇಶ ತಲುಪಿದಾಗ ಆ ಪದರ ದಾರಿ ಬಿಡುತ್ತದೆ. ಆಗ ಮೂರು ಕಿಣ್ವಗಳು ಸಾಲಾಗಿ ಬಂದು ಗ್ಲಿಸರಾಲಿನಿಂದ ಒಂದೊಂದೇ ಕೊಬ್ಬಿನಾಮ್ಲವನ್ನು ಕಳಚುತ್ತವೆ. ಇವುಗಳಲ್ಲಿ ಮೊದಲನೆಯ ಕಿಣ್ವ ವಿಜ್ಞಾನಕ್ಕೆ ಗೊತ್ತಾದದ್ದು 2004ರಲ್ಲಿ! ಅಷ್ಟು ಈಚಿನವರೆಗೂ ಪಠ್ಯಪುಸ್ತಕಗಳು ಎರಡನೆಯ ಕಿಣ್ವವನ್ನೇ ಮೊದಲನೆಯದೆಂದು ಬರೆಯುತ್ತಿದ್ದವು. ಬಿಡುಗಡೆಯಾದ ಕೊಬ್ಬಿನಾಮ್ಲಗಳು ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಹೃದಯಕ್ಕೆ, ಸ್ನಾಯುಗಳಿಗೆ, ಯಕೃತ್ತಿಗೆ ಹೋಗುತ್ತವೆ. ಹೃದಯಕ್ಕಂತೂ ಉಪವಾಸವಿಲ್ಲದ ದಿನಗಳಲ್ಲೂ ಕೊಬ್ಬೇ ಮುಖ್ಯ ಇಂಧನ.

ಕೋಶದೊಳಗೆ ಕೊಬ್ಬಿನಾಮ್ಲಗಳು ಉರಿಯುವ ಬಗೆಯನ್ನು ಮೊದಲು ಊಹಿಸಲು ನೆರವಾದ ಪ್ರಯೋಗ 1904ರದು. ಜರ್ಮನಿಯ ಫ್ರಾಂಟ್ಸ್ ಕ್ನೂಪ್ ಕೊಬ್ಬಿನಾಮ್ಲದ ತುದಿಗೆ ದೇಹ ಉರಿಸಲಾರದ ಬೆನ್ಜೀನ್ ಉಂಗುರವೊಂದನ್ನು ಕಟ್ಟಿ ನಾಯಿಗಳಿಗೆ ತಿನ್ನಿಸಿ, ಮೂತ್ರದಲ್ಲಿ ಏನು ಬರುತ್ತದೆಂದು ನೋಡಿದರು. ಸರಪಳಿಯಲ್ಲಿ ಇಂಗಾಲದ ಸಂಖ್ಯೆ ಬೆಸವಾಗಿದ್ದರೆ ಉಂಗುರಕ್ಕೆ ಕೊನೆಗೆ ಒಂದು ಇಂಗಾಲ ಉಳಿದಿರುತ್ತಿತ್ತು, ಸಮವಾಗಿದ್ದರೆ ಎರಡು. ಸರಪಳಿ ಎಷ್ಟೇ ಉದ್ದವಿರಲಿ ಫಲಿತಾಂಶ ಇವೆರಡರಲ್ಲಿ ಒಂದೇ. ಹಾಗಾದರೆ ದೇಹ ಕೊಬ್ಬಿನಾಮ್ಲವನ್ನು ಒಂದು ತುದಿಯಿಂದ ಎರಡೆರಡು ಇಂಗಾಲಗಳಾಗಿ ಕತ್ತರಿಸುತ್ತಿರಬೇಕು ಎಂದು ಕ್ನೂಪ್ ತರ್ಕಿಸಿದರು. ಬಿಡಿ ಕೋಶವನ್ನಾಗಲಿ ಕಿಣ್ವವನ್ನಾಗಲಿ ಕಣ್ಣಲ್ಲಿ ಕಾಣದೆ, ಬರಿ ಸಮ-ಬೆಸದ ಲೆಕ್ಕದಿಂದ ಮಾಡಿದ ಈ ಊಹೆ ಅಕ್ಷರಶಃ ನಿಜವಾಯಿತು. ಈ ಕೆಲಸ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ನಡೆಯುತ್ತದೆ ಎಂದು 1949ರಲ್ಲಿ ವಿಜ್ಞಾನಿಗಳಾದ ಕೆನಡಿ ಮತ್ತು ಲೆನಿಂಜರ್ ತೋರಿಸಿದರು. ಆ ಎರಡು ಇಂಗಾಲದ ತುಂಡು ಅಸಿಟೈಲ್ ಕೋಎನ್ಜೈಮ್-ಎ ಎಂದು 1951ರಲ್ಲಿ ಫಿಯೊಡೊರ್ ಲೀನೆನ್ ಗುರುತಿಸಿದರು. 16 ಇಂಗಾಲದ ಪಾಲ್ಮಿಟಿಕ್ ಆಮ್ಲದ ಒಂದು ಅಣು ಏಳು ಸಲ ಕತ್ತರಿಸಿಕೊಂಡು ಎಂಟು ತುಂಡಾಗಿ, ಪೂರ್ತಿ ಉರಿದಾಗ ಕೋಶದ ಶಕ್ತಿನಾಣ್ಯವಾದ ಎಟಿಪಿಯ ನಿವ್ವಳ 106 ಅಣುಗಳನ್ನು ಕೊಡುತ್ತದೆ. ಗ್ಲುಕೋಸಿನ ಒಂದು ಅಣುವಿನಿಂದ ಬರುವುದು ಸುಮಾರು 30.

ಏಕಾದಶಿಯ ಮಧ್ಯಾಹ್ನದ ಹೊತ್ತಿಗೆ, ಅಂದರೆ 24 ಗಂಟೆಯ ಆಸುಪಾಸಿನಲ್ಲಿ, ಯಕೃತ್ತಿನ ಗ್ಲೈಕೊಜನ್ ಬಹುತೇಕ ಬರಿದಾಗಿರುತ್ತದೆ. ಇಲ್ಲಿ ದೇಹಕ್ಕೊಂದು ಇಕ್ಕಟ್ಟು. ಮಿದುಳು ಕೊಬ್ಬಿನಾಮ್ಲವನ್ನು ನೇರವಾಗಿ ಉರಿಸುವುದಿಲ್ಲ. ಅದಕ್ಕೆ ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಬೇಕು. ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯವೇ ಇಲ್ಲ. ಅವಕ್ಕೂ ಗ್ಲುಕೋಸೇ ಗತಿ. ಮನುಷ್ಯದೇಹಕ್ಕೆ ಕೊಬ್ಬಿನಾಮ್ಲದಿಂದ ಸಕ್ಕರೆ ತಯಾರಿಸುವ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ; ಕೊಬ್ಬಿನ ಗ್ಲಿಸರಾಲ್ ಭಾಗವಷ್ಟೇ ಸಕ್ಕರೆಯಾಗಬಲ್ಲುದು. ಕೊರತೆ ತುಂಬಲು ಯಕೃತ್ತು ಸ್ನಾಯುಗಳ ಪ್ರೋಟೀನಿಗೆ ಕೈಹಾಕುತ್ತದೆ. ಇದು ಹೀಗೇ ಮುಂದುವರಿದಿದ್ದರೆ ಬರಗಾಲದಲ್ಲಿ ಮನುಷ್ಯ ಕೊಬ್ಬು ಮುಗಿಯುವ ಮೊದಲೇ ಸ್ನಾಯು ಕಳೆದುಕೊಂಡು ಸಾಯುತ್ತಿದ್ದ.

ಈ ಅಪಾಯದಿಂದ ಪಾರುಮಾಡುವವು ಕೀಟೋನ್‌ಗಳು. ಕೊಬ್ಬಿನಾಮ್ಲಗಳು ಯಕೃತ್ತಿಗೆ ಧಾರಾಳವಾಗಿ ಬಂದಾಗ ಅದು ಅವನ್ನು ನೀರಿನಲ್ಲಿ ಕರಗುವ ಸಣ್ಣ ಅಣುಗಳಾಗಿ ಮಾರ್ಪಡಿಸುತ್ತದೆ. ಇವನ್ನು ಮಿದುಳು ಉರಿಸಬಲ್ಲುದು. ದ್ವಾದಶಿಯ ಬೆಳಗಿನ ಹೊತ್ತಿಗೆ ರಕ್ತದಲ್ಲಿ ಇವುಗಳ ಪ್ರಮಾಣ ಗಣನೀಯವಾಗಿ ಏರಿರುತ್ತದೆ. ಕೆಲವರ ಉಸಿರಿನಲ್ಲಿ ಅಸಿಟೋನಿನ ವಾಸನೆಯೂ ಇರಬಹುದು. ಬಹುಕಾಲ ಕೀಟೋನ್‌ಗಳನ್ನು ಕಾಯಿಲೆಯ ಕಸವೆಂದೇ ವೈದ್ಯರು ತಿಳಿದಿದ್ದರು. 1967ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು, ಐದಾರು ವಾರ ಆಸ್ಪತ್ರೆಯ ನಿಗಾದಲ್ಲಿ ನಿರಾಹಾರವಿದ್ದ ಸ್ಥೂಲಕಾಯದ ರೋಗಿಗಳ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಹೋಲಿಸಿದರು. ದೀರ್ಘ ಉಪವಾಸದಲ್ಲಿ ಮಿದುಳಿನ ಇಂಧನದ ದೊಡ್ಡ ಪಾಲು ಕೀಟೋನ್‌ಗಳೇ ಎಂದು ಸಾಬೀತಾಯಿತು. ನನ್ನ ದೃಷ್ಟಿಯಲ್ಲಿ ಮನುಷ್ಯಜಾತಿ ಕ್ಷಾಮಗಳನ್ನು ದಾಟಿ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಶಾರೀರಿಕ ಕಾರಣವಿಲ್ಲ.

ಕರಗಿದ ಕೊಬ್ಬು ಎಲ್ಲಿಗೆ ಹೋಯಿತು? ಬೆವರಾಗಿ ಹೋಯಿತು, ಶಾಖವಾಗಿ ಹೋಯಿತು, ಸ್ನಾಯುವಾಯಿತು ಎಂದು ಉತ್ತರಗಳು ಬರುತ್ತವೆ. ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, 10 ಕೆ.ಜಿ. ಕೊಬ್ಬು ಉರಿದರೆ ಅದರ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ಹೊಟ್ಟೆಗೆ ಪಟ್ಟಿ ಬಿಗಿದು ಬೆವರಿಳಿಸಿದರೆ ಹೋಗುವುದು ನೀರು, ಒಂದು ಚೊಂಬು ಕುಡಿದರೆ ಅದು ಮರಳಿ ಬರುತ್ತದೆ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಸಂದೇಶ ರಕ್ತದಲ್ಲಿ ಬರುತ್ತದೆ, ಕೊಬ್ಬಿನಾಮ್ಲ ರಕ್ತಕ್ಕೇ ಹೋಗುತ್ತದೆ. ಯಾವ ಸ್ನಾಯು ದುಡಿಯಿತೋ ಅದರ ಮೇಲಿನ ಕೊಬ್ಬೇ ಮೊದಲು ಹೋಗಬೇಕೆಂಬ ನಿಯಮವಿಲ್ಲ.

ಹಾಗಾದರೆ ಇಷ್ಟು ಉಪಕಾರಿಯಾದ ಕೊಬ್ಬು ಕೇಡು ಮಾಡುವುದು ಯಾವಾಗ? ಹುಟ್ಟಿನಿಂದಲೇ ಕೊಬ್ಬಿನ ಊತಕವಿಲ್ಲದ ಕೆಲವು ಮಕ್ಕಳಿರುತ್ತಾರೆ. ಅವರು ಆರೋಗ್ಯವಂತರಾಗಿರಬೇಕು ಎಂದು ನಾವು ನಿರೀಕ್ಷಿಸಬಹುದು. ಆದರೆ ಅವರಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಎಳವೆಯಲ್ಲೇ ತೀವ್ರ ಮಧುಮೇಹ ಬರುತ್ತದೆ. ಚರ್ಮದಡಿಯ ಕೊಬ್ಬಿನ ಕೋಶ ನಮ್ಮನ್ನು ಕಾಯುವ ಅಂಗ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಅಲ್ಲಿ ಜಾಗ ಮುಗಿದಾಗ ಕೊಬ್ಬು ತನ್ನದಲ್ಲದ ಕಡೆಗೆ, ಅಂದರೆ ಯಕೃತ್ತಿಗೆ, ಸ್ನಾಯುವಿಗೆ, ಮೇದೋಜೀರಕಕ್ಕೆ ನುಗ್ಗುತ್ತದೆ. ಆಗ ಇನ್ಸುಲಿನ್ನಿನ ಮಾತು ನಡೆಯದಾಗುತ್ತದೆ.

ಈ ವಿಚಾರದಲ್ಲಿ ಭಾರತೀಯರ ದೇಹ ಹೆಚ್ಚು ಎಚ್ಚರ ಬೇಡುತ್ತದೆ. ಪುಣೆಯ ವೈದ್ಯ ವಿಜ್ಞಾನಿ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ: 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೂಕದ ಯಂತ್ರಕ್ಕೆ ಕಾಣದ ಈ ವ್ಯತ್ಯಾಸ ಹುಟ್ಟಿನಿಂದಲೇ ಇರುವುದನ್ನು ನಮ್ಮ ಮೈಸೂರಿನ ಸಂಶೋಧನೆಯೂ ತೋರಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗ, ಬ್ರಿಟನ್ನಿನ ಮಕ್ಕಳಿಗಿಂತ ಅವರ ತೂಕ, ಸ್ನಾಯು ಕಡಿಮೆಯಿದ್ದರೂ ಬೆನ್ನ ಮೇಲ್ಭಾಗದ ಚರ್ಮದ ಮಡಿಕೆಯ ದಪ್ಪ, ಅಂದರೆ ಅಲ್ಲಿನ ಕೊಬ್ಬು, ಅಷ್ಟಾಗಿ ಕಡಿಮೆಯಿರಲಿಲ್ಲ. ಆದ್ದರಿಂದಲೇ ಭಾರತೀಯರಿಗೆ ಅಧಿಕ ತೂಕದ ಗಡಿಯನ್ನು ಬಿಎಂಐ 25ರಿಂದ 23ಕ್ಕೆ ಇಳಿಸಲಾಗಿದೆ. ಸೊಂಟದ ಸುತ್ತಳತೆಯ ಎಚ್ಚರಿಕೆಯ ಮಟ್ಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಸಣ್ಣಗಿದ್ದೇನೆ, ನನಗೇನೂ ಆಗದು ಎಂಬ ನೆಮ್ಮದಿ ನಮ್ಮವರಿಗೆ ಸಲ್ಲದು.

ಕೊನೆಯದಾಗಿ ಇನ್ಸುಲಿನ್ನಿನ ಮಾತು. ಅದು ಸಕ್ಕರೆ ಇಳಿಸುವ ಔಷಧವೆಂದಷ್ಟೇ ಜನ ತಿಳಿದಿದ್ದಾರೆ. ಕೊಬ್ಬಿನ ಬಿಡುಗಡೆಯನ್ನು ಹತೋಟಿಯಲ್ಲಿಡುವುದು ಅದರ ಅಷ್ಟೇ ಮುಖ್ಯವಾದ ಕೆಲಸ, ಬಹಳ ಕಡಿಮೆ ಇನ್ಸುಲಿನ್ ಕೂಡ ಆ ಕೆಲಸ ಮಾಡಬಲ್ಲುದು. ಉಪವಾಸ ಮಾಡುವ ಆರೋಗ್ಯವಂತರಲ್ಲಿ ಕೀಟೋನ್ ಮಿತಿಮೀರದಿರುವುದು ಉಳಿದಿರುವ ಆ ಸ್ವಲ್ಪ ಇನ್ಸುಲಿನ್ನಿನಿಂದ. ಟೈಪ್ 1 ಮಧುಮೇಹದಲ್ಲಿ ಅದೂ ಇರುವುದಿಲ್ಲ. ಕೊಬ್ಬು ಕಟ್ಟೊಡೆದು ಬರುತ್ತದೆ, ಕೀಟೋನ್‌ಗಳಿಂದ ರಕ್ತ ಆಮ್ಲೀಯವಾಗುತ್ತದೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಶುದ್ಧೀಕರಿಸಿದ ಇನ್ಸುಲಿನ್ ಕೊಟ್ಟಾಗ ರಕ್ತದ ಸಕ್ಕರೆ ಇಳಿದದ್ದಷ್ಟೇ ಅಲ್ಲ, ಮೂತ್ರದ ಕೀಟೋನ್ ಕೂಡ ಮಾಯವಾಯಿತು. ಆ ಹುಡುಗ ಬದುಕಿದ.

ಆದ್ದರಿಂದ ಈ ಸಭೆಯಲ್ಲಿರುವ ತಂದೆತಾಯಿಗಳಲ್ಲಿ, ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು. ಟೈಪ್ 1 ಮಧುಮೇಹದ ಮಗು ಜ್ವರದಿಂದಲೋ ವ್ರತದಿಂದಲೋ ಊಟ ಬಿಟ್ಟಿದೆ, ಹಾಗಾಗಿ ಇನ್ಸುಲಿನ್ನೂ ಬೇಡ ಎಂದು ನೀವಾಗಿಯೇ ತೀರ್ಮಾನಿಸಬೇಡಿ. ಪ್ರಮಾಣವನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಿ, ಪೂರ್ತಿ ನಿಲ್ಲಿಸಬೇಡಿ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುವ ಈಚಿನ ಮಾತ್ರೆಗಳನ್ನು ಸೇವಿಸುವ ವಯಸ್ಕ ಮಧುಮೇಹಿಗಳು ದೀರ್ಘ ಉಪವಾಸಕ್ಕೆ ಮೊದಲು ತಮ್ಮ ವೈದ್ಯರಿಗೆ ತಿಳಿಸಲೇಬೇಕು. ಆ ಮಾತ್ರೆಗಳಿರುವಾಗ ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನ್ ಅಪಾಯದ ಮಟ್ಟ ಮುಟ್ಟಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಪಾರಣೆಯ ಹೊತ್ತಿಗೆ ಕಾಯದೆ ಆಸ್ಪತ್ರೆಗೆ ಹೋಗಿ.